ನೀವಲ್ಲ, ನೀನು

ಪಾಳುಬಿದ್ದ ಕೋಟೆಯ ಹಿಂದೆ ಒಂದು ಬಾವಿ. ಕಟ್ಟೆಯ ಮೇಲೆ ಪಾಚಿ. ಇಣುಕಿದರೆ ಬರೀ ಕತ್ತಲು. ಇಷ್ಟು ಹೇಳಿ ನಮ್ಮ ಡಿಎಂ, ಅಂದರೆ ಆಟದ ಕತೆ ನಡೆಸುವವನು, ಟೇಬಲ್ಲಿನ ಆ ತುದಿಯಲ್ಲಿ ಕೂತಿದ್ದ ಹೊಸ ಹುಡುಗಿಯ ಕಡೆ ತಿರುಗಿದ.

“ನೀವೀಗ ಏನು ಮಾಡ್ತೀರಿ?”

ಅವಳು ನನ್ನ ಗೆಳತಿಯ ತಂಗಿ. ಅವತ್ತು ಅವಳಿಗೆ ಮೊದಲ ಆಟ. ಕರೆದುಕೊಂಡು ಬಂದಿದ್ದು ನಾನೇ. ಇಪ್ಪತ್ತು ಮುಖದ ದಾಳವನ್ನು ಅಂಗೈಯಲ್ಲಿ ಇಟ್ಟುಕೊಂಡು, ಎಲ್ಲಿ ಹಾರಿಹೋಗುತ್ತೋ ಅನ್ನುವ ಹಾಗೆ ಬೆರಳು ಮುಚ್ಚಿ ಹಿಡಿದಿದ್ದಳು. ಅವಳ ಪಾತ್ರದ ಹೆಸರು ಚಿಗರಿ. ಸದ್ದಿಲ್ಲದೆ ನಡೆಯುವವಳು, ಬೀಗ ತೆಗೆಯುವವಳು. ಡಿಎಂ ಕೇಳಿದ ಕೂಡಲೇ ಅವಳು ಬಾಯಿ ತೆರೆದಳು. ತೆರೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಅಷ್ಟರಲ್ಲಿ ನಾನು ಶುರು ಮಾಡಿಬಿಟ್ಟಿದ್ದೆ.

“ಹಗ್ಗ ಎಷ್ಟಿದೆ? 50 ಅಡಿ ಅಲ್ವಾ?”

“ನನ್ನ ಹತ್ರನೂ 50 ಇದೆ. ಎರಡೂ ಸೇರಿದ್ರೆ 100.”

“ಗಂಟಿಗೇ ನಾಲ್ಕೈದು ಅಡಿ ಹೋಗುತ್ತೆ ಕಣೋ.”

“ಪಂಜು ಎಸೆದು ನೋಡೋಣ್ವಾ?”

“ಇರೋದೇ ಎರಡು ಪಂಜು. ಅದನ್ನೂ ಬಾವಿಗೆ ಹಾಕ್ತೀಯಾ?”

ಅಲ್ಲಿಂದ ಮಾತು ಹಗ್ಗ ಎಷ್ಟು ಭಾರ ತಡೆಯುತ್ತೆ ಅನ್ನುವಲ್ಲಿಗೆ ಹೋಯಿತು. ಒಬ್ಬ ರೂಲ್ ಬುಕ್ ತೆಗೆದ. ಇನ್ನೊಬ್ಬ ಬೇರೆ ಪುಟ ತೆಗೆದ. ಅರ್ಧ ಗಂಟೆ ಕಳೆಯಿತು. ನಮಗಂತೂ ಭಾರಿ ಖುಷಿ. ಅವಳು ಉದ್ದಕ್ಕೂ ನಗುಮುಖ ಇಟ್ಟುಕೊಂಡು, ಯಾರು ಮಾತಾಡಿದರೂ ಅವರ ಕಡೆ ತಿರುಗಿ ತಲೆಯಾಡಿಸುತ್ತಿದ್ದಳು. ಹೊರಡುವಾಗ “ಚೆನ್ನಾಗಿತ್ತು” ಅಂದಳು. ಮುಂದಿನ ವಾರ “ಈ ವಾರ ಆಗಲ್ಲ” ಅಂತ ಮೆಸೇಜ್ ಬಂತು. ಅದರ ಮುಂದಿನ ವಾರವೂ ಅದೇ. ಆಮೇಲೆ ನಾವೂ ಕೇಳುವುದನ್ನು ಬಿಟ್ಟೆವು.

‘ಅವಳಿಗೆ ಇಂಥದ್ದೆಲ್ಲ ಇಷ್ಟ ಆಗಲ್ಲ ಅನ್ಸುತ್ತೆ’ ಅಂದುಕೊಂಡು ನಾನು ಆ ವಿಷಯವನ್ನು ಅಲ್ಲಿಗೇ ಬಿಟ್ಟೆ. ಹಾಗೆ ಬಂದು ಹಾಗೇ ಹೋದವರು ಇನ್ನೂ ನಾಲ್ಕೈದು ಜನ ಆದ ಮೇಲೆ ಅನುಮಾನ ಶುರುವಾಯಿತು.

ಗೊತ್ತಿಲ್ಲದವರಿಗೆ ಆಟ ಏನು ಅಂತ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂತು ಬಾಯಲ್ಲೇ ಕಟ್ಟುವ ಕತೆ. ಒಬ್ಬರು ಆ ಲೋಕವನ್ನು ನಡೆಸುತ್ತಾರೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವವರು ಅವರನ್ನು ಡಂಜನ್ ಮಾಸ್ಟರ್, ಅಂದರೆ ಡಿಎಂ ಅನ್ನುತ್ತಾರೆ. ಬೇರೆ ಆಟಗಳಲ್ಲಿ ಗೇಮ್ ಮಾಸ್ಟರ್, ಅಂದರೆ ಜಿಎಂ. ಉಳಿದವರಿಗೆ ಒಂದೊಂದು ಪಾತ್ರ. ಡಿಎಂ ಪರಿಸ್ಥಿತಿ ಹೇಳುತ್ತಾರೆ, ಏನು ಮಾಡುತ್ತೀರಿ ಅಂತ ಕೇಳುತ್ತಾರೆ, ನೀವು ಹೇಳುತ್ತೀರಿ. ಆಗುತ್ತೋ ಇಲ್ಲವೋ ಅನ್ನುವುದು ಅನುಮಾನ ಇದ್ದಾಗ ದಾಳ ಹಾಕುತ್ತೀರಿ. ಅಷ್ಟೇ. ಉಳಿದಿದ್ದೆಲ್ಲ ಇದರ ಸುತ್ತ ಬೆಳೆದ ಬಳ್ಳಿ.

ಆ ಬಳ್ಳಿ ಮಾತ್ರ ಸ್ವಲ್ಪ ಜಾಸ್ತಿನೇ ಬೆಳೆದಿದೆ. ನನ್ನ ಮೊದಲ ದಿನ ಯಾರೋ “ನಿನ್ನ ಎಸಿ ಎಷ್ಟು?” ಅಂದರು. ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ಫ್ಯಾನ್ ಬಿಟ್ಟು ಏನೂ ಇರಲಿಲ್ಲ. ಎಸಿ ಅಂದರೆ ಆರ್ಮರ್ ಕ್ಲಾಸ್, ನಿಮಗೆ ಏಟು ಬೀಳುವುದು ಎಷ್ಟು ಕಷ್ಟ ಅನ್ನುವ ಸಂಖ್ಯೆ. ಎಚ್‌ಪಿ ಅಂದರೆ ಎಷ್ಟು ಏಟು ತಡೆಯುತ್ತೀರಿ ಅನ್ನುವುದು. ಇವೆರಡನ್ನು ಹೇಗೋ ನುಂಗಿಕೊಳ್ಳಬಹುದು. ಆದರೆ ಲೆವೆಲ್ ಅನ್ನುವ ಪದ ಇದೆಯಲ್ಲ, ಅದು ಹೊಸಬರ ಕಾಲಿಗೆ ಕಟ್ಟಿದ ಕಲ್ಲು. ಪಾತ್ರಕ್ಕೂ ಲೆವೆಲ್, ಮಂತ್ರಕ್ಕೂ ಲೆವೆಲ್. ಮೂರನೇ ಲೆವೆಲ್ಲಿನ ಮಂತ್ರವನ್ನು ಮೂರನೇ ಲೆವೆಲ್ಲಿನ ಮಾಂತ್ರಿಕ ಹಾಕಬಹುದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆಗಲ್ಲ. ಅದಕ್ಕೆ ಅವನು ಐದನೇ ಲೆವೆಲ್ ತಲುಪಬೇಕು. ಯಾಕೆ ಅಂತ ಕೇಳಿದರೆ ನಾವು ಹಳಬರು ವಿವರಿಸುತ್ತೇವೆ. ವಿವರಿಸುವುದು ನಮಗೆ ಬಹಳ ಇಷ್ಟ. ಅಲ್ಲೇ ಎಡವಟ್ಟು.

ಈ ಆಟ ಹುಟ್ಟಿದ ರೀತಿ ನೋಡಿದರೆ ತಮಾಷೆ ಅನಿಸುತ್ತದೆ. 1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಅನ್ನುವವರು ಗೆಳೆಯರಿಗಾಗಿ ಒಂದು ಯುದ್ಧದ ಆಟ ಕಟ್ಟಿದರು. ನೆಪೋಲಿಯನ್ ಕಾಲ, ಬ್ರೌನ್‌ಸ್ಟೈನ್ ಅನ್ನುವ ಕಲ್ಪಿತ ಜರ್ಮನ್ ಊರು. ಅದುವರೆಗೆ ಇಂಥ ಆಟ ಅಂದರೆ ಇಬ್ಬರು, ಎರಡು ಸೈನ್ಯ, ಮೇಜಿನ ಮೇಲೆ ಸಣ್ಣ ಸಣ್ಣ ಸೈನಿಕರ ಗೊಂಬೆ. ಅವತ್ತು ಜನ ಜಾಸ್ತಿ ಬಂದಿದ್ದರು. ಸೇನಾಪತಿಗಳ ಜೊತೆಗೆ ಊರಿನ ಮೇಯರ್, ಬ್ಯಾಂಕಿನವನು ಅಂತೆಲ್ಲ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟರು. ಅವರೆಲ್ಲ ಮೇಜು ಬಿಟ್ಟು ಎದ್ದುಹೋದರು. ಪಕ್ಕದ ಕೋಣೆಯಲ್ಲಿ ಗುಟ್ಟಾಗಿ ಮಾತಾಡಿಕೊಂಡರು, ಒಳಸಂಚು ಮಾಡಿದರು, ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಅಂದುಕೊಂಡ ಯುದ್ಧ ನಡೆಯಲೇ ಇಲ್ಲ. ಆಟ ಕೆಟ್ಟುಹೋಯಿತು ಅಂತ ವೆಸ್ಲಿ ಅಂದುಕೊಂಡರು. ಆಡಿದವರು ಮಾತ್ರ ಇನ್ನೊಂದು ಸಲ ಆಡೋಣ ಅಂತ ಬೆನ್ನು ಬಿದ್ದರು.

ಆ ಬಳಗದಲ್ಲೇ ಇದ್ದ ಡೇವ್ ಆರ್ನೆಸನ್ ಅದನ್ನು ಮುಂದುವರಿಸಿ ಬ್ಲ್ಯಾಕ್‌ಮೂರ್ ಅನ್ನುವ ಲೋಕ ಕಟ್ಟಿದರು. ಕೋಟೆ, ಕೋಟೆಯ ಕೆಳಗೆ ನೆಲಮಾಳಿಗೆಗಳು. ಅವರೂ ಗ್ಯಾರಿ ಗೈಗ್ಯಾಕ್ಸ್ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದರು. ಒಂದು ಡಬ್ಬಿಯಲ್ಲಿ ಮೂರು ಪುಟ್ಟ ಪುಸ್ತಕ, ಮೊದಲ ಮುದ್ರಣ 1,000 ಪ್ರತಿ. ಬ್ರೌನ್‌ಸ್ಟೈನಿನಲ್ಲಿ ಎದ್ದುಹೋದವರಿಗೆ ತಾವು ಮಾಡುತ್ತಿದ್ದ ಕೆಲಸಕ್ಕೆ ಒಂದು ನಿಯಮವೂ ಇರಲಿಲ್ಲ ಅನ್ನುವುದನ್ನು ನಾನು ಆಗಾಗ ನೆನಪಿಸಿಕೊಳ್ಳುತ್ತೇನೆ. ಎಲ್ಲರೂ ಹೊಸಬರೇ. ಹೊಸಬರು ಆಟದ ಗೆರೆ ದಾಟಿದ್ದರಿಂದಲೇ ಈ ಆಟ ಹುಟ್ಟಿತು.

ಆಮೇಲೆ ಬಂದ ಹೊಸಬರಿಗೆ ಬಾಗಿಲು ಅಷ್ಟು ಸಲೀಸಾಗಿ ತೆರೆಯಲಿಲ್ಲ. 1974ರ ಪುಸ್ತಕಗಳು ಯುದ್ಧದ ಆಟ ಆಡಿ ಪಳಗಿದವರಿಗೆ ಬರೆದಂಥವು. ಬೇಕಾಗುವ ಸಾಮಾನಿನ ಪಟ್ಟಿಯಲ್ಲಿ ಚೈನ್‌ಮೇಲ್ ಅನ್ನುವ ಹಳೇ ಯುದ್ಧದ ನಿಯಮ ಪುಸ್ತಕ ಇತ್ತು. ಕಾಡುಮೇಡು ಅಲೆಯುವುದಕ್ಕೆ ಇನ್ನೊಂದು ಕಂಪನಿಯ ಬೋರ್ಡ್ ಗೇಮ್‌ನ ನಕ್ಷೆ ಬೇರೆ! ಅರಿಝೋನಾದ ಕೆನ್ ಸೇಂಟ್ ಆಂಡ್ರೆ ಅನ್ನುವವರು ಇದನ್ನು ಓದಿ ತಲೆ ಕೆಡಿಸಿಕೊಂಡು, ಕೊನೆಗೆ 1975ರಲ್ಲಿ ತಮ್ಮದೇ ಒಂದು ಆಟ ಬರೆದುಬಿಟ್ಟರು. ಟನಲ್ಸ್ ಅಂಡ್ ಟ್ರೋಲ್ಸ್. ಅದಕ್ಕೆ ಮಾಮೂಲಿ ಆರು ಮುಖದ ದಾಳ ಸಾಕು. ಅರ್ಥ ಆಗಲಿಲ್ಲ ಅಂತ ಮನೆಗೆ ಹೋಗುವ ಬದಲು ಹೊಸ ಆಟವನ್ನೇ ಬರೆದ ಈ ಮನುಷ್ಯನ ಮೇಲೆ ನನಗೆ ವಿಪರೀತ ಗೌರವ. 1977ರಲ್ಲಿ ಎರಿಕ್ ಹೋಮ್ಸ್ ಅನ್ನುವ ನರವಿಜ್ಞಾನದ ಪ್ರೊಫೆಸರ್ ತಾವೇ ಮುಂದೆ ಬಂದು ಹೊಸಬರಿಗಾಗಿ ಡಂಜನ್ಸ್ ಅಂಡ್ ಡ್ರಾಗನ್ಸನ್ನು ತಿದ್ದಿಕೊಟ್ಟರು. ಮೊದಲ ಮೂರು ಲೆವೆಲ್ ಮಾತ್ರ.

ನನಗೆ ಇವೆಲ್ಲಕ್ಕಿಂತ ಇಷ್ಟ 1983ರ ಕೆಂಪು ಡಬ್ಬಿ. ಬರೆದವರು ಫ್ರಾಂಕ್ ಮೆಂಟ್ಝರ್. ಅದರಲ್ಲಿ ನಿಯಮದ ಪಾಠ ಆಮೇಲೆ. ಮೊದಲು ನೀವೊಬ್ಬರೇ ಓದಿಕೊಂಡು ಆಡುವ ಒಂದು ಕತೆ. ನೀವು ಗುಹೆಗೆ ಹೋಗುತ್ತೀರಿ. ಹಾವು ಎದುರಾಗುತ್ತದೆ, ಹೊಡೆದಾಡುತ್ತೀರಿ. ಅಲೀನಾ ಅನ್ನುವವಳು ಸಿಗುತ್ತಾಳೆ, ಗಾಯ ವಾಸಿ ಮಾಡುತ್ತಾಳೆ. ಜೊತೆಯಲ್ಲಿ ಮುಂದೆ ಹೋದಾಗ ಬಾರ್ಗಲ್ ಅನ್ನುವ ಮಾಂತ್ರಿಕ ಅವಳನ್ನು ಕೊಂದುಬಿಡುತ್ತಾನೆ. ಅಷ್ಟರಲ್ಲಿ ನಿಮಗೆ ದಾಳ ಹಾಕುವುದು, ಏಟು ಎಣಿಸುವುದು ಎಲ್ಲ ಗೊತ್ತಾಗಿರುತ್ತದೆ, ಕಲಿತದ್ದೇ ಗೊತ್ತಾಗದ ಹಾಗೆ. ಅದನ್ನು ಓದಿ ಬೆಳೆದವರು ಈಗಲೂ ಬಾರ್ಗಲ್ ಹೆಸರು ಕೇಳಿದರೆ ಹಲ್ಲು ಕಡಿಯುತ್ತಾರೆ. ಬಹಳ ಕಾಲ ನಾನು, ಆ ಪುಸ್ತಕ ಸರಳವಾಗಿದೆ, ಅದಕ್ಕೇ ಹೊಸಬರಿಗೆ ಹಿಡಿಸಿತು ಅಂದುಕೊಂಡಿದ್ದೆ. ಈಗ ಬೇರೆ ಅನಿಸುತ್ತದೆ. ಆ ಕತೆಯಲ್ಲಿ ಪ್ರಶ್ನೆ ಒಬ್ಬರಿಗೇ. ಅವರ ಬದಲು ಉತ್ತರ ಹೇಳುವುದಕ್ಕೆ ಪಕ್ಕದಲ್ಲಿ ನನ್ನಂಥವರು ಇರಲಿಲ್ಲ.

ಇದು ಹೊಳೆದದ್ದು ನನಗಲ್ಲ, ನಮ್ಮ ಡಿಎಂಗೆ. ಒಂದು ರಾತ್ರಿ ಆಟ ಮುಗಿದ ಮೇಲೆ ಪುಸ್ತಕ ಮುಚ್ಚಿ ಕೇಳಿದ: “ನಾನು ಒಬ್ಬರನ್ನೇ ಕೇಳ್ತೀನಿ. ನಾಲ್ಕು ಜನ ಉತ್ತರ ಕೊಡ್ತೀರಿ. ಯಾಕ್ರೋ?”

ಒಬ್ಬ ಮುಗ್ಧವಾಗಿ ಅಂದ: “‘ನೀವು’ ಅಂದ್ಯಲ್ಲ. ಎಲ್ಲರಿಗೂ ಅಂದ್ಕೊಂಡೆ.”

ನಾವು ನಕ್ಕೆವು. ಡಿಎಂ ನಗಲಿಲ್ಲ. ಯಾಕೆಂದರೆ ಅದು ನಿಜ. ನಮ್ಮ ನಮ್ಮಲ್ಲಿ ಏಕವಚನ. ಹೊಸಬರು ಬಂದಾಗ ಮರ್ಯಾದೆಗೆ ನೀವು ಅನ್ನುತ್ತೇವೆ. ಆ ಮರ್ಯಾದೆಯ ನೀವು, ಮೇಜಿನ ಸುತ್ತ ಕೂತ ಎಲ್ಲರ ಕಿವಿಗೂ ಬಹುವಚನದ ನೀವು ಆಗಿ ಬೀಳುತ್ತದೆ. ಹೊಸಬರಿಗೂ ಹಾಗೇ. ಪ್ರಶ್ನೆ ಗುಂಪಿಗೆ ಕೇಳಿದ್ದು, ಗೊತ್ತಿರುವವರು ಹೇಳಲಿ ಅಂತ ಅವರು ಸುಮ್ಮನಿರುತ್ತಾರೆ. ಗೊತ್ತಿರುವ ನಾವು ಸುಮ್ಮನಿರುವ ಜಾತಿಯೇ ಅಲ್ಲ.

ಹಾಗಂತ ಮೊದಲ ಸಲ ನೋಡಿದವರನ್ನು ನೀನು ಅನ್ನುವುದಕ್ಕಾಗುತ್ತಾ? ಅದಕ್ಕೆ ಡಿಎಂ ಒಂದು ದಾರಿ ಕಂಡುಕೊಂಡ. ಮನುಷ್ಯರಿಗೆ ನೀವು, ಪಾತ್ರಕ್ಕೆ ನೀನು. ಪ್ರಶ್ನೆ ಕೇಳುವಾಗ ಪಾತ್ರದ ಹೆಸರು ಹಿಡಿದೇ ಕರೆಯುವುದು. ಇನ್ನೊಂದು ಕಟ್ಟುನಿಟ್ಟು: ಕರೆಸಿಕೊಂಡವರು ಬಾಯಿ ತೆರೆಯುವ ತನಕ ಬೇರೆ ಯಾರೂ ಪಿಟ್ ಅನ್ನಬಾರದು. ಅವನು ಮೇಜಿನ ಕೆಳಗೆ ಬೆರಳು ಮಡಚುತ್ತಾ ನಿಧಾನವಾಗಿ ಹತ್ತರ ತನಕ ಎಣಿಸುತ್ತಾನೆ. ಹತ್ತು ಸೆಕೆಂಡು ಅಂದರೆ ಎಷ್ಟು ಉದ್ದ ಅಂತ ನಿಮಗೆ ಗೊತ್ತಿಲ್ಲದಿದ್ದರೆ, ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತು ನೋಡಿ. ನನಗೆ ಮೊದಲ ದಿನ ಬೆವರು ಬಂತು.

ಈ ಹೊಸ ಪದ್ಧತಿಯಲ್ಲಿ ಮೊದಲು ಆಡಿದ್ದು ನಮ್ಮಲ್ಲೊಬ್ಬನ ಸೋದರಮಾವ. ವಯಸ್ಸಿನಲ್ಲಿ ನಮಗಿಂತ ಬಹಳ ಹಿರಿಯರು. ಅಳಿಯ ಪ್ರತಿ ವಾರ ಅದೇನು ಹರಟುತ್ತಾನೆ ಅಂತ ನೋಡಲು ಬಂದು ಬಾಗಿಲ ಹತ್ತಿರ ನಿಂತಿದ್ದರು. ಕೂರಿಸಿ ಒಂದು ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ವಿವರ ಬರೆದ ಹಾಳೆ, ಕೊಟ್ಟೆವು. ಮೊದಲೇ ಮಾಡಿಟ್ಟಿದ್ದ ಪಾತ್ರ, ಹೆಸರು ಭೈರ, ಬೆಟ್ಟದ ದಾರಿ ಬಲ್ಲವನು. ಅಂಕಿಗಳ ಬಗ್ಗೆ ಏನೂ ಹೇಳಲಿಲ್ಲ. ಎರಡೇ ಪ್ರಶ್ನೆ ಕೇಳಿದೆವು: ಭೈರ ಮನೆಯಲ್ಲಿ ಯಾರನ್ನು ಬಿಟ್ಟು ಬಂದಿದ್ದಾನೆ? ಏನಾದರೂ ಸರಿ, ಯಾವ ಕೆಲಸ ಮಾಡಲ್ಲ ಅನ್ನುತ್ತಾನೆ? ಮೊದಲನೆಯದಕ್ಕೆ “ಒಂದು ನಾಯಿ” ಅಂದರು. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ “ಮಲಗಿದವರನ್ನ ಎಬ್ಬಿಸಲ್ಲ” ಅಂದರು. ನಾವು ತಮಾಷೆ ಅಂದುಕೊಂಡೆವು.

ಅವತ್ತಿನ ಕತೆಯಲ್ಲಿ ನಾವು ಒಬ್ಬ ಕೈದಿಯನ್ನು ಬಿಡಿಸಬೇಕಿತ್ತು. ಸೆರೆಮನೆಯ ಬಾಗಿಲಲ್ಲಿ ಒಬ್ಬನೇ ಕಾವಲುಗಾರ, ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಾನೆ. ರಾತ್ರಿ ಚಳಿ ಅಂತ ಡಿಎಂ ಒಂದು ಮಾತು ಸೇರಿಸಿದ್ದ, ಸುಮ್ನೆ ಕತೆಗೆ ಬಣ್ಣ ಬರಲಿ ಅಂತ.

“ಮಾವ, ನಿಮಗೆ ಫ್ಯಾನ್ ಜಾಸ್ತಿ ಆಯ್ತಾ? ಕಡಿಮೆ ಮಾಡ್ಲಾ?” ಅಂತ ಕೇಳಿ, ಅವರು ಬೇಡ ಅಂದ ಮೇಲೆ, ದನಿ ತಗ್ಗಿಸಿ ಅಂದ: “ಭೈರ, ಕಾವಲುಗಾರ ನಿನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದಾನೆ. ನೀನೀಗ ಏನು ಮಾಡ್ತೀಯ?”

ನಮ್ಮೆಲ್ಲರ ತಲೆಯಲ್ಲಿ ಉತ್ತರ ರೆಡಿ. ಹಿಂದಿನಿಂದ ಹೋಗಿ ಬಾಯಿ ಮುಚ್ಚು. ತಲೆಗೆ ಒಂದು ಕೊಡು. ಸದ್ದಿಲ್ಲದೆ ದಾಟು, ಅದಕ್ಕೆ ಸ್ಟೆಲ್ತ್ ರೋಲ್, ಅಂದರೆ ದಾಳ ಹಾಕಿ ನೋಡುವುದು. ಯಾರೂ ಮಾತಾಡಲಿಲ್ಲ. ಡಿಎಂ ಬೆರಳು ಮಡಚುತ್ತಿದ್ದದ್ದು ನನಗೆ ಕಾಣುತ್ತಿತ್ತು. ಐದು. ಆರು. ಮಾವ ಶೀಟನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು, ಭೈರನ ಗಂಟುಮೂಟೆಯ ಪಟ್ಟಿಯ ಮೇಲೆ ಬೆರಳು ಓಡಿಸುತ್ತಿದ್ದರು. ಆ ಪಟ್ಟಿಯನ್ನು ನಾವು ಯಾರೂ ಓದುವುದೇ ಇಲ್ಲ. ಎಂಟು.

“ಇದ್ರಲ್ಲಿ ಕಂಬಳಿ ಅಂತ ಬರ್ದಿದೆ. ಅದು ನನ್ನ ಹತ್ರ ಇದೆಯಾ?”

“ಇದೆ.”

“ಹಾಗಾದ್ರೆ ಅವನಿಗೆ ಹೊದಿಸ್ತೀನಿ. ಚಳಿ ಅಂದ್ಯಲ್ಲಪ್ಪ, ಪಾಪ.”

ಡಿಎಂ ಕೈಗೆ ತೆಗೆದುಕೊಂಡಿದ್ದ ದಾಳವನ್ನು ಕೆಳಗಿಟ್ಟ. ರೋಲ್ ಬೇಡ ಅಂದ. ನಾವು ಬೆಚ್ಚಗೆ ಮಲಗಿದವನ ಪಕ್ಕದಲ್ಲೇ ನಡೆದು ಒಳಗೆ ಹೋದೆವು. ಇದಾಗಿ ಎರಡು ವಾರದ ಮೇಲೆ, ಕತೆಯಲ್ಲಿ ದಳಪತಿ ಆ ಕಾವಲುಗಾರನನ್ನು ಹಿಡಿದು ಅವತ್ತು ಯಾರು ಬಂದಿದ್ದರು ಅಂತ ಕೇಳಿದ. ಡಿಎಂ ಕಾವಲುಗಾರನಾಗಿ, ಕಂಬಳಿಯ ಅಂಚನ್ನು ಬೆರಳಲ್ಲಿ ತಿರುಚುವ ಹಾಗೆ ಮಾಡುತ್ತಾ, “ಯಾರೂ ಬರಲಿಲ್ಲ ಒಡೆಯ” ಅಂದ. ನಾವು ಏಳು ವರ್ಷದಿಂದ ಆಡುತ್ತಿದ್ದೇವೆ. ಕಂಬಳಿ ಎಲ್ಲರ ಶೀಟಿನಲ್ಲೂ ಇತ್ತು.

ಮಾವ ಹೊದಿಸ್ತೀನಿ ಅಂದರು, ಗಮನಿಸಿದಿರಾ? ಭೈರ ಹೊದಿಸ್ತಾನೆ ಅನ್ನಲಿಲ್ಲ. ಆಟ ಶುರುವಾದಾಗ ಹೊಸಬರು ಸಾಮಾನ್ಯವಾಗಿ ಪಾತ್ರವನ್ನು ತಮ್ಮಿಂದ ಒಂದು ಮಾರು ದೂರ ಇಟ್ಟುಕೊಂಡು ಮಾತಾಡುತ್ತಾರೆ. ಅವನು ಹೋಗ್ತಾನೆ, ಅವಳು ನೋಡ್ತಾಳೆ. ಗಂಟೆ, ಒಂದೂವರೆ ಗಂಟೆ ಆದ ಮೇಲೆ ಯಾವಾಗಲೋ ಕ್ರಿಯಾಪದದ ಬಾಲ ಬದಲಾಗುತ್ತದೆ. ಹೋಗ್ತೀನಿ. ನೋಡ್ತೀನಿ. ನಾನು ಅನ್ನುವ ಪದವೇ ಇರುವುದಿಲ್ಲ, ಬರೀ ಬಾಲ. ಹೇಳಿದವರಿಗೂ ಅದು ಗೊತ್ತಾಗಿರುವುದಿಲ್ಲ. ಈಗೀಗ ನಾನು ಅದನ್ನೇ ಕಾಯುತ್ತಾ ಕೂರುತ್ತೇನೆ. ಹಾಗಂತ ಬದಲಾಗಲೇಬೇಕು ಅಂತ ಏನಿಲ್ಲ. ನಮ್ಮಲ್ಲೊಬ್ಬಳು ಮೂರು ವರ್ಷದಿಂದ ತನ್ನ ಪಾತ್ರವನ್ನು ಅವಳು ಅಂತಲೇ ಹೇಳುತ್ತಾಳೆ, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಾಳೆ.

ಇದನ್ನು ಯಾಕೆ ಹೇಳಿದೆ ಅಂದರೆ, ಈಗ ಬರುವವರಲ್ಲಿ ಬಹಳ ಜನ “ನನಗೆ ಆಕ್ಟಿಂಗ್ ಬರಲ್ಲ” ಅಂತಲೇ ಒಳಗೆ ಬರುತ್ತಾರೆ. 2015ರಲ್ಲಿ ಕ್ರಿಟಿಕಲ್ ರೋಲ್ ಅನ್ನುವ ವೆಬ್ ಶೋ ಶುರುವಾದಾಗಿನಿಂದ ಈ ಆಟವನ್ನು ಕೂತು ನೋಡುವವರೂ ಹುಟ್ಟಿಕೊಂಡಿದ್ದಾರೆ. ಅಲ್ಲಿ ಆಡುವವರು ಡಬ್ಬಿಂಗ್ ಕಲಾವಿದರು. ದನಿ ಬದಲಿಸುವುದೇ ಅವರ ಕಸುಬು. ಅದನ್ನು ನೋಡಿ ಬಂದವರು ನಮ್ಮ ಮೇಜಿನಲ್ಲಿ ರಾಜನೂ ರಾಕ್ಷಸನೂ ಒಂದೇ ಗಂಟಲಲ್ಲಿ ಮಾತಾಡುವುದನ್ನು ಕೇಳಿ ಮೊದಲು ಬೆಪ್ಪಾಗುತ್ತಾರೆ, ಆಮೇಲೆ ನಿರಾಳ ಆಗುತ್ತಾರೆ.

ಇನ್ನೊಂದು ದುರಭ್ಯಾಸ ನಮ್ಮಲ್ಲಿ ಇತ್ತು. ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಗೊಳ್ಳೆಂದು ನಗುವುದು. ಕತ್ತಿ ಕೈಜಾರಿತು, ಬಿಲ್ಲಿನ ಹೆದೆ ಮುಖಕ್ಕೇ ಹೊಡೆಯಿತು, ಕೆಸರಲ್ಲಿ ಬಿದ್ದೆ. ಒಂದು ಸಲ ಹಾಕಿದರೆ 1 ಬೀಳುವುದು 20ಕ್ಕೆ ಒಂದು ಪಾಲು, ನಿಜ. ಆದರೆ ಒಂದು ಸಂಜೆ 20 ಸಲ ದಾಳ ಉರುಳಿತು ಅಂದುಕೊಳ್ಳಿ. ಒಂದು ಸಲವಾದರೂ 1 ಬೀಳುವ ಸಾಧ್ಯತೆ ಸುಮಾರು 64%. ಅಂದರೆ ಮೂರು ಸಂಜೆಗಳಲ್ಲಿ ಎರಡು ಸಂಜೆ ಯಾರಾದರೊಬ್ಬರು ಕೋಡಂಗಿ ಆಗಲೇಬೇಕು. ಹಳಬರಿಗೆ ಅದು ಮಜಾ. ನೂರು ಗೆಲುವಿನ ಮಧ್ಯೆ ಒಂದು ಬೀಳು. ಹೊಸಬರಿಗೆ ಅದೇ ಮೊದಲ ದಾಳ ಆಗಿರಬಹುದು. ಡಂಜನ್ಸ್ ಅಂಡ್ ಡ್ರಾಗನ್ಸಿನ 2014ರ ನಿಯಮದ ಪ್ರಕಾರ ಹೊಡೆದಾಟದಲ್ಲಿ 1 ಬಿದ್ದರೆ ಏಟು ತಪ್ಪುತ್ತದೆ, ಅಷ್ಟೇ. ಕೆಸರಲ್ಲಿ ಬೀಳಬೇಕು ಅಂತ ಎಲ್ಲೂ ಬರೆದಿಲ್ಲ. ಈಗ 1 ಬಿದ್ದರೆ ನಮ್ಮ ಡಿಎಂ, “ಎದುರಾಳಿ ಭಾರಿ ಚುರುಕಿದ್ದಾನೆ, ತಪ್ಪಿಸಿಕೊಂಡ” ಅನ್ನುತ್ತಾನೆ. ಸೋತಿದ್ದು ಸೋತದ್ದೇ, ಮಾನ ಉಳಿಯಿತು.

ಎಕ್ಸ್ ಕಾರ್ಡ್ ಬಗ್ಗೆ ನಾನು ಮೊದಲು ಮೂಗು ಮುರಿದಿದ್ದೆ. ಒಂದು ಕಾರ್ಡಿನ ಮೇಲೆ ದೊಡ್ಡದಾಗಿ ಎಕ್ಸ್ ಬರೆದು ಮೇಜಿನ ನಡುವೆ ಇಡುತ್ತಾರೆ. ಕತೆಯಲ್ಲಿ ಬಂದದ್ದು ಯಾರಿಗಾದರೂ ತಡೆಯಲಾಗದೆ ಹೋದರೆ ಕಾರ್ಡ್ ಮುಟ್ಟಿದರೆ ಸಾಕು. ಆ ಭಾಗ ಬಿಟ್ಟು ಕತೆ ಬೇರೆ ಕಡೆ ತಿರುಗುತ್ತದೆ. ಕಾರಣ ಹೇಳಬೇಕಾಗಿಲ್ಲ. ಗೆಳೆಯರ ಮಧ್ಯೆ ಇದೆಲ್ಲ ಯಾಕೆ, ಬಾಯಿ ಬಿಟ್ಟು ಹೇಳಿದರೆ ಆಗಲ್ವಾ ಅನ್ನುತ್ತಿದ್ದೆ. ಒಂದು ದಿನ ನದಿ ದಾಟುವಾಗ ದೋಣಿ ಮಗುಚಿತು. ಡಿಎಂ ನೀರು ಮೂಗಿಗೆ ನುಗ್ಗುವುದನ್ನು ಬಣ್ಣಿಸುತ್ತಿದ್ದ. ಎರಡನೇ ಸಲ ಬಂದಿದ್ದ ಹುಡುಗನೊಬ್ಬ ಕೈ ಚಾಚಿ ಕಾರ್ಡ್ ಮುಟ್ಟಿದ. “ನೀವೆಲ್ಲ ದಡದಲ್ಲಿದ್ದೀರಿ, ಬಟ್ಟೆ ಒಣಗ್ತಾ ಇದೆ” ಅಂದ ಡಿಎಂ, ಉಸಿರು ಬಿಡುವಷ್ಟರಲ್ಲಿ. ಯಾಕೆ ಅಂತ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಆ ಹುಡುಗ ಈಗಲೂ ಬರುತ್ತಾನೆ. ಗೆಳೆಯರ ಮಧ್ಯೆ ಬಾಯಿ ಬಿಟ್ಟು ಹೇಳಬಹುದು, ಸರಿ. ಅವನು ಆಗ ಇನ್ನೂ ಗೆಳೆಯ ಆಗಿರಲಿಲ್ಲವಲ್ಲ.

ಹೊಸಬರೆಲ್ಲ ಕಂಬಳಿ ಹೊದಿಸುವವರು ಅಂದುಕೊಳ್ಳಬೇಡಿ. ಸಿಕ್ಕಸಿಕ್ಕ ಅಂಬಿಗನ ಜೇಬು ಕತ್ತರಿಸಿ, ಊರಿಗೆ ಬೆಂಕಿ ಹಚ್ಚಿ, “ನನ್ನ ಕ್ಯಾರೆಕ್ಟರ್ ಇರೋದೇ ಹೀಗೆ” ಅನ್ನುವವರೂ ಬಂದಿದ್ದಾರೆ. ಒಬ್ಬನಂತೂ ಯಾರ ಸರದಿ ಬಂದರೂ ತಾನೇ ಬಾಗಿಲು ಒದೆಯುತ್ತಿದ್ದ. ಅವನ ಜೊತೆ ಡಿಎಂ ಪಕ್ಕಕ್ಕೆ ಕರೆದು ಮಾತಾಡಿದ. ಸರಿಹೋಗಲಿಲ್ಲ. ಕಳಿಸಿದೆವು, ಬೇಜಾರೂ ಆಗಲಿಲ್ಲ. ಆದರೆ ಮನೆಗೆ ಬರುವಾಗ ಒಂದು ಯೋಚನೆ ಬಂತು: ಬೇರೆಯವರ ಸರದಿಯಲ್ಲಿ ಬಾಯಿ ಹಾಕಿದ್ದಕ್ಕೆ ಅವನನ್ನು ಕಳಿಸಿದೆವು. ಅದನ್ನೇ ವರ್ಷಗಟ್ಟಲೆ ಮಾಡಿದ ನಾನು ಹಳಬ.

ಗೆಳತಿಯ ತಂಗಿ ಮೊನ್ನೆ ಸಿಕ್ಕಳು. ಬಾವಿಯ ಕತೆ ನಡೆದು ನಾಲ್ಕು ವರ್ಷದ ಮೇಲೆ. ಕ್ಯೂನಲ್ಲಿ ನಾನು ಹಿಂದೆ, ಅವಳು ಮುಂದೆ. ಅದೂ ಇದೂ ಮಾತಾಡಿದ ಮೇಲೆ ತಡೆಯಲಾಗದೆ ಕೇಳಿದೆ, ಯಾಕೆ ಆಮೇಲೆ ಬರಲಿಲ್ಲ ಅಂತ.

“ಅಯ್ಯೋ, ಹಾಗೇನಿಲ್ಲ. ನೀವೆಲ್ಲ ಎಷ್ಟು ಚೆನ್ನಾಗಿ ಆಡ್ತಾ ಇದ್ರಿ. ನಾನ್ಯಾಕೆ ಮಧ್ಯದಲ್ಲಿ ಅಂತ.”

“ಅವತ್ತು ನೀನು ಏನೋ ಹೇಳೋಕೆ ಹೊರಟಿದ್ದೆ.”

ಅವಳಿಗೆ ನೆನಪಿತ್ತು. ನಗುತ್ತಾ ಅಂದಳು: “ಒಂದು ಕಲ್ಲು ಹಾಕಿ ನೋಡೋಣ ಅಂತಿದ್ದೆ. ಎಷ್ಟು ಆಳ ಇದೆ ಅಂತ ಗೊತ್ತಾಗ್ತಿತ್ತಲ್ಲ.”

50 ಅಡಿ ಆಳಕ್ಕೆ ಕಲ್ಲು ಬೀಳಲು 2 ಸೆಕೆಂಡು ಕೂಡ ಬೇಡ. ಎರಡು ಎಣಿಸುವಷ್ಟರಲ್ಲಿ ಸದ್ದು ಬಂದಿದ್ದರೆ ಒಂದು ಹಗ್ಗ ಸಾಕಿತ್ತು. ನಾವು ಅರ್ಧ ಗಂಟೆ ತೆಗೆದುಕೊಂಡೆವು.

“ಆಮೇಲೆ ಆ ಬಾವಿಯಲ್ಲಿ ಏನಿತ್ತು?” ಅಂದಳು.

ನಾವು ಇಳಿಯಲೇ ಇಲ್ಲ ಅಂತ ಹೇಳುವುದಕ್ಕೆ ನಾಚಿಕೆ ಆಯಿತು. ಹಗ್ಗದ ಲೆಕ್ಕ ಮುಗಿಯುವ ಹೊತ್ತಿಗೆ ಅವತ್ತಿನ ಆಟದ ಸಮಯ ಮುಗಿದಿತ್ತು, ಮುಂದಿನ ವಾರ ಬೇರೆ ದಾರಿ ಹಿಡಿದಿದ್ದೆವು. ನಾನು ಡಿಎಂ ಅಲ್ಲ. ಜೀವಮಾನದಲ್ಲಿ ಒಂದು ಆಟವನ್ನೂ ನಡೆಸಿದವನಲ್ಲ. ಕ್ಯೂ ಒಂದು ಹೆಜ್ಜೆ ಮುಂದೆ ಹೋಯಿತು.

“ಕಲ್ಲು ಬಿಟ್ಟೆ,” ಅಂದೆ. “ಒಂದು. ಎರಡು. ಮೂರು. ಸದ್ದೇ ಇಲ್ಲ. ಬಗ್ಗಿ ಕಿವಿ ಕೊಟ್ಟೆ. ಕೆಳಗಿಂದ ಯಾರೋ ಕೆಮ್ಮಿದ ಹಾಗೆ ಕೇಳಿಸ್ತು.”

ಅವಳು ಹುಬ್ಬೇರಿಸಿದಳು.

“ಚಿಗರಿ, ನೀನೀಗ ಏನು ಮಾಡ್ತೀಯ?”

ಅಷ್ಟು ಕೇಳಿ, ಜೇಬಿನೊಳಗೆ ಒಂದೊಂದೇ ಬೆರಳು ಮಡಚುತ್ತಾ ನಿಂತೆ.